ಕರಟದ ಇದ್ದಿಲಿನಿಂದ ಆಮ್ಲ ವೇಗವರ್ಧಕ

ಹೊಂಗೆ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಶೇ 2 ದಾಟಿದ್ದರೆ ಕಾಸ್ಟಿಕ್ ಸೋಡಾ ಹಾಕಿ ನೇರವಾಗಿ ಬಯೋಡೀಸೆಲ್ ಮಾಡುವುದು ಕಷ್ಟ. ಸಾಬೂನು ಕಟ್ಟಿಕೊಂಡು ಉಪೋತ್ಪನ್ನವಾದ ಗ್ಲಿಸರಿನ್ ಬೇರ್ಪಡುವುದಿಲ್ಲ. ಮೊದಲು ಆ ಆಮ್ಲವನ್ನು ಮೆಥನಾಲ್ ಜೊತೆ ಎಸ್ಟರ್ (ಬಯೋಡೀಸೆಲ್ ಆಗಿರುವ ಸಂಯುಕ್ತ) ಆಗಿಸಬೇಕು. ರೂಢಿಯಲ್ಲಿ ಇದಕ್ಕೆ ಸಲ್ಫ್ಯೂರಿಕ್ ಆಮ್ಲ ಬಳಸುತ್ತಾರೆ. ಅದನ್ನು ಸೋಸಿ ತೆಗೆಯಲಾಗದು. ಆಮ್ಲಗುಣ ಕೊಡುವ ಸಲ್ಫೋನಿಕ್ ಗುಂಪನ್ನು (ಗಂಧಕ, ಆಮ್ಲಜನಕ, ಜಲಜನಕದ ಪರಮಾಣು ಗುಂಪು) ಇದ್ದಿಲಿಗೇ ಕಟ್ಟಿದರೆ ಸೋಸಿ ಮರುಬಳಸಬಹುದು. ಸಕ್ಕರೆಯ ಇಂಗಾಲದಿಂದ ಇದು ಸಾಧ್ಯವೆಂದು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿದರು. ತೆಂಗಿನ ಕರಟದಿಂದಲೂ ಆಗುತ್ತದೆ.

ಇದ್ದಿಲು ಅರೆಬೆಂದಿರಬೇಕು. ನಾರು ಕೆರೆದು ಪುಡಿಮಾಡಿದ ಕರಟವನ್ನು ನೈಟ್ರೋಜನ್ ಹರಿವಿನಲ್ಲಿ 400 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಸುಡಿ. 600 ದಾಟಿದರೆ ಇಂಗಾಲದ ಹಾಳೆಗಳು ಬೆಳೆದು ಬಿಗಿದುಕೊಳ್ಳುತ್ತವೆ, ಗುಂಪು ಕೂರುವ ಅಂಚುಗಳು ಕಡಿಮೆಯಾಗುತ್ತವೆ. ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ಹೆಚ್ಚು ಆಮ್ಲ ಹಿಡಿಯದಿರುವುದೂ ಇದರಿಂದಲೇ. ಅದರ ಮೇಲ್ಮೈ ವಿಸ್ತಾರಕ್ಕೆ ಮರುಳಾಗಬೇಡಿ. ತೀರಾ ಕಡಿಮೆ ಬೆಂದದ್ದು ಬಿಸಿ ಮೆಥನಾಲ್‌ನಲ್ಲಿ ಕಂದು ಬಣ್ಣ ಬಿಡುತ್ತದೆ.

ಗುಂಪು ಕಟ್ಟಲು 10 ಗ್ರಾಂ ಇದ್ದಿಲ ಪುಡಿಗೆ 100 ಮಿಲಿ ಸಾಂದ್ರ ಸಲ್ಫ್ಯೂರಿಕ್ ಆಮ್ಲ, 150 ಡಿಗ್ರಿ, 10 ಗಂಟೆ. ಹೊರಬರುವ ಸಲ್ಫರ್ ಡೈಆಕ್ಸೈಡನ್ನು ಕಾಸ್ಟಿಕ್ ದ್ರಾವಣದ ಮೂಲಕ ಹಾಯಿಸಬೇಕು. ಪೂರ್ತಿ ತಣಿದ ಮೇಲೆ ಗಾಜಿನ ಶೋಧಕದಲ್ಲಿ ಆಮ್ಲವನ್ನು ಬಸಿದಿಟ್ಟುಕೊಳ್ಳಿ. ಉಳಿದದ್ದನ್ನು ತಣ್ಣೀರಿಗೆ ನಿಧಾನವಾಗಿ ಹಾಕಿ. ಅದಕ್ಕೆ ನೀರು ಸುರಿಯಲೇಬಾರದು.

ಬಹಳ ಮಂದಿ ಎಡವುವುದು ತೊಳೆಯುವಾಗ. 80 ಡಿಗ್ರಿ ನೀರಿನಲ್ಲಿ ತೊಳೆಯುತ್ತಲೇ ಇರಿ; ಸೋಸಿದ ನೀರಿಗೆ ಬೇರಿಯಂ ಕ್ಲೋರೈಡ್ ಹನಿಸಿದರೆ ಬಿಳುಪು (ಸಲ್ಫೇಟ್ ಉಳಿದಿರುವ ಗುರುತು) ಕಾಣಬಾರದು. ಅರೆಬರೆ ತೊಳೆದರೆ ಮೊದಲ ಬಾರಿ ಕೆಲಸ ಮಾಡುವುದು ಅಂಟಿಕೊಂಡ ಆಮ್ಲ, ಇದ್ದಿಲಲ್ಲ. ಎರಡನೇ ಬಾರಿಗೆ ಫಲಿತಾಂಶ ಕುಸಿಯುತ್ತದೆ. ಎಷ್ಟು ತೊಳೆದರೂ ಬಿಳುಪು ಹೋಗದಿದ್ದರೆ ಕಚ್ಚಾವಸ್ತುವಿನ ಕ್ಯಾಲ್ಸಿಯಂ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಆಗಿ ಕೂತಿರಬಹುದು. ಬೂದಿ ಹೆಚ್ಚಿರುವ ಸಿಪ್ಪೆ, ಹೊಟ್ಟುಗಳನ್ನು ಸುಡುವ ಮೊದಲೇ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುವುದು ಒಳ್ಳೆಯದು. ಕೊನೆಗೆ 105 ಡಿಗ್ರಿಯಲ್ಲಿ ಒಣಗಿಸಿ.

100 ಗ್ರಾಂ ಎಣ್ಣೆಗೆ 5 ಗ್ರಾಂ ವೇಗವರ್ಧಕ, ಸುಮಾರು 40 ಗ್ರಾಂ ಮೆಥನಾಲ್, 65 ಡಿಗ್ರಿ. ಹುಟ್ಟುವ ನೀರು ಕ್ರಿಯೆಯನ್ನು ತಡೆಯುತ್ತದೆ. ಆಮ್ಲಾಂಶ ಇಳಿಯುವುದು ನಿಂತರೆ ಮೆಥನಾಲ್-ನೀರಿನ ಪದರ ತೆಗೆದು ಹೊಸ ಮೆಥನಾಲ್ ಹಾಕಿ. ಗುಂಪುಗಳು ಇದ್ದಿಲಿನಿಂದ ದ್ರವಕ್ಕೆ ಸೋರಿವೆಯೇ ಎಂದು ತಿಳಿಯಲು ನಡುವೆ ಬಿಸಿಯಲ್ಲೇ ಸೋಸಿ, ದ್ರವವನ್ನಷ್ಟೇ ಕಾಯಿಸಿ. ವೇಗವರ್ಧಕವಿಲ್ಲದ ಮಾದರಿಗಿಂತ ವೇಗವಾಗಿ ಆಮ್ಲಾಂಶ ಇಳಿದರೆ ಗುಂಪುಗಳು ಕಳಚಿವೆ ಎಂದರ್ಥ. ಮೆಥನಾಲ್ ಅಂಟಿ ಮಂಕಾದದ್ದನ್ನು ದುರ್ಬಲ ಆಮ್ಲದಲ್ಲಿ ಕಾಯಿಸಿ ಚುರುಕುಗೊಳಿಸಬಹುದು, ಕಳಚಿದ್ದನ್ನಲ್ಲ.

ಸಸ್ಯಮೂಲ ಎಂದ ಮಾತ್ರಕ್ಕೆ ಇದು ಹಸಿರಾಗದು. 5 ಗ್ರಾಂ ವೇಗವರ್ಧಕಕ್ಕೆ ಸುಮಾರು 90 ಗ್ರಾಂ ಆಮ್ಲ ಬೇಕು. ಸಲ್ಫ್ಯೂರಿಕ್ ಆಮ್ಲವನ್ನೇ ಹಾಕುವ ಹಳೆಯ ವಿಧಾನದಲ್ಲಿ 100 ಗ್ರಾಂ ಎಣ್ಣೆಗೆ 1 ಗ್ರಾಂ ಆಸುಪಾಸು ಸಾಕು. ಬಸಿದ ಆಮ್ಲವನ್ನು ಮುಂದಿನ ತಯಾರಿಗೆ ಬಳಸದೆ, ನಾಲ್ಕೈದು ಬಾರಿಗೇ ಇದ್ದಿಲನ್ನು ಎಸೆದರೆ ಹಳೆಯ ವಿಧಾನವೇ ಮೇಲು.