ಪೈಲಟ್ ಆಗಬೇಕು, ಆರ್ಮಿ, ನೇವಿ, ಏರ್‌ಫೋರ್ಸ್ ಪೈಕಿ ಯಾವುದು ಸೇರಲಿ?

ಓದುಗರ ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವಳು. ಸೆಕೆಂಡ್ ಪಿಯು, ಪಿಸಿಎಂಬಿ. ಪೈಲಟ್ ಆಗಬೇಕು ಅಂತ ಆಸೆ. ಖಾಸಗಿಯಾಗಿ ಕಲಿಯಲು ಅಷ್ಟೊಂದು ದುಡ್ಡು ಕಟ್ಟೋಕೆ ಮನೆಯಲ್ಲಿ ಆಗಲ್ಲ. ಆರ್ಮಿ, ನೇವಿ, ಏರ್‌ಫೋರ್ಸ್ ಮೂರರಲ್ಲೂ ಪೈಲಟ್‌ಗಳು ಇದ್ದಾರಂತೆ. ನಾನು ಯಾವುದಕ್ಕೆ ಪ್ರಯತ್ನ ಮಾಡಲಿ?

ಹಾರಾಟವೇ ನಿಮಗೆ ಮುಖ್ಯ ಅನ್ನುವುದಾದರೆ ಮೊದಲ ಆಯ್ಕೆ ಏರ್‌ಫೋರ್ಸ್. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏರ್‌ಫೋರ್ಸ್‌ಗೆ ಎನ್‌ಡಿಎ, ಅಂದ್ರೆ ಪಿಯು ಆದ ಕೂಡಲೇ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಒಂದೇ ದಾರಿ ಅಂತ ಕೂರಬೇಡಿ. ನಿಮ್ಮಂಥ ಹುಡುಗಿಯರಿಗೆ ಡಿಗ್ರಿ ಮುಗಿಸಿ ಹೋಗುವ ದಾರಿಯೇ ಹೆಚ್ಚು ಅಗಲ.

ಏರ್‌ಫೋರ್ಸ್ ಯಾಕೆ ಮೊದಲು? ಅಲ್ಲಿ ಫ್ಲೈಯಿಂಗ್ ಬ್ರಾಂಚ್‌ಗೆ ಆಯ್ಕೆಯಾದವರನ್ನು ಪೈಲಟ್ ಮಾಡಲೆಂದೇ ತೆಗೆದುಕೊಳ್ಳುತ್ತಾರೆ. ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್ ಎಂಬ ಸಣ್ಣ ವಿಮಾನದಲ್ಲಿ ಕಲಿಕೆ ಶುರುವಾಗುತ್ತದೆ. ಆಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಮೂರು ಕವಲು. ಫೈಟರ್ ಸಿಕ್ಕವರು ಮುಂದೆ ಹಾಕ್ ಜೆಟ್ ಕಲಿಯಲು ನಮ್ಮ ಬೀದರ್‌ಗೆ ಬರುತ್ತಾರೆ. ಟ್ರಾನ್ಸ್‌ಪೋರ್ಟ್‌ನವರು ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ ಹೋಗುತ್ತಾರೆ. ಯಾವ ಕವಲು ಅನ್ನುವುದು ನಿಮ್ಮ ಇಷ್ಟವೊಂದರಿಂದಲೇ ತೀರ್ಮಾನ ಆಗುವುದಿಲ್ಲ. ನೀವು ಹೇಗೆ ಹಾರಿಸುತ್ತೀರಿ, ಆ ವರ್ಷ ಪಡೆಗೆ ಎಂಥವರು ಬೇಕು, ಎರಡನ್ನೂ ನೋಡುತ್ತಾರೆ. ‘ಫೈಟರ್ ಆದರೆ ಮಾತ್ರ’ ಅಂತ ಹಠ ಇಟ್ಟುಕೊಂಡು ಹೋಗಬೇಡಿ.

ಆರ್ಮಿ ಮತ್ತು ನೇವಿಯ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲು ಸೈನ್ಯದ ಅಥವಾ ಹಡಗಿನ ಅಧಿಕಾರಿ ಆಗಬೇಕು, ಆಮೇಲೆ ಪೈಲಟ್. ಆರ್ಮಿ ಏವಿಯೇಷನ್ ಕೋರ್ ಶುರುವಾಗಿದ್ದು 1986ರ ನವೆಂಬರ್ 1ರಂದು. ಅದರ ಪೈಲಟ್‌ಗಳು ಕಲಿಯುವುದು ನಾಸಿಕ್‌ನಲ್ಲಿ, ಓಡಿಸುವುದು ಹೆಲಿಕಾಪ್ಟರ್‌ಗಳನ್ನು. ಸಿಯಾಚಿನ್‌ನ ತೆಳು ಗಾಳಿಯಲ್ಲಿ ಹಳೇ ಚೀತಾ ಹೆಲಿಕಾಪ್ಟರ್ ಇಳಿಸಿ, ಗಾಯಾಳು ಸೈನಿಕನನ್ನು ಹತ್ತಿಸಿಕೊಂಡು ಬರುವವರಲ್ಲಿ ಇವರೂ ಇದ್ದಾರೆ. ಅದು ಬಹಳ ದೊಡ್ಡ ಕೆಲಸ. ಜೆಟ್ ಕನಸು ಇರುವವರಿಗೆ ಆರ್ಮಿ ಸರಿಹೋಗಲ್ಲ. ಹೆಲಿಕಾಪ್ಟರ್ ಇಷ್ಟ, ಬೆಟ್ಟ ಗಡಿಯಲ್ಲಿ ಸೈನಿಕರ ಜೊತೆಗೇ ಇರುವುದೂ ಇಷ್ಟ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 2022ರ ಮೇ ತಿಂಗಳಲ್ಲಿ ಕ್ಯಾಪ್ಟನ್ ಅಭಿಲಾಷಾ ಬರಾಕ್ ಆರ್ಮಿಯ ಮೊದಲ ಮಹಿಳಾ ಯುದ್ಧ ಹೆಲಿಕಾಪ್ಟರ್ ಪೈಲಟ್ ಆದರು.

ನಿಮ್ಮ ತಾಲ್ಲೂಕಿನ ವಿಷಯವನ್ನೇ ತೆಗೆದುಕೊಳ್ಳಿ. ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರಲ್ಲಿ ಅಡಿಗಲ್ಲು ಹಾಕಿ, 2023ರ ಫೆಬ್ರುವರಿ 6ರಂದು ಉದ್ಘಾಟಿಸಿದರು. ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್‌ಗಾಗಿ ಕಟ್ಟಿದ ಕಾರ್ಖಾನೆ ಅದು. 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗಳಿಗೆ ಸರ್ಕಾರ ಆರ್ಡರ್ ಕೊಟ್ಟಿತು. ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕು. ಅದರಲ್ಲಿ 90 ಆರ್ಮಿಗೆ, 66 ಏರ್‌ಫೋರ್ಸ್‌ಗೆ. ಅಂದ್ರೆ ನಿಮ್ಮ ಸರ್ವಿಸ್ ಕಾಲದಲ್ಲಿ ಆರ್ಮಿಯ ಹೆಲಿಕಾಪ್ಟರ್ ದಳ ಇನ್ನೂ ದೊಡ್ಡದಾಗಲಿದೆ. ಇದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ. ಆದರೆ ಕಾರ್ಖಾನೆ ಮನೆ ಹತ್ತಿರ ಇದೆ ಅನ್ನುವುದು ಪಡೆ ಆರಿಸಲು ಕಾರಣ ಆಗಬಾರದು. ಓದಿ ಮುಗಿಸಿದ ಮೇಲೆ ಪೋಸ್ಟಿಂಗ್ ಲೇಹ್‌ಗೂ ಆಗಬಹುದು, ಅಸ್ಸಾಮಿಗೂ ಆಗಬಹುದು.

ನೇವಿಯಲ್ಲಿ ಎಲ್ಲವೂ ಸಮುದ್ರದ ಸುತ್ತ. ಗೋವಾದಲ್ಲಿ ಮಿಗ್-29ಕೆ ಫೈಟರ್‌ಗಳು, ತಮಿಳುನಾಡಿನ ಅರಕ್ಕೋಣಂನಲ್ಲಿ ಸಬ್‌ಮರೀನ್ ಹುಡುಕುವ ಪಿ-8ಐ ವಿಮಾನಗಳು ಇವೆ. ಓಲಾಡುವ ಹಡಗಿನ ಮೇಲೆ ರಾತ್ರಿ ಹೊತ್ತು ಇಳಿಯುವುದು ಪೈಲಟ್ ಕೆಲಸದಲ್ಲೇ ಅತಿ ಕಷ್ಟದ್ದು. 2019ರ ಡಿಸೆಂಬರ್‌ನಲ್ಲಿ ಶಿವಾಂಗಿ ನೇವಿಯ ಮೊದಲ ಮಹಿಳಾ ಪೈಲಟ್ ಆದರು. ಡಿಗ್ರಿ ಮೇಲೆ ನೇವಿ ಪೈಲಟ್ ಆಗಲು ಬಿಇ ಬೇಕು, ಬಿಎಸ್ಸಿ ಸಾಲದು. ಇದನ್ನು ಈಗಲೇ ಗಮನಿಸಿ. ಕೋಸ್ಟ್ ಗಾರ್ಡ್‌ನಲ್ಲೂ ಪೈಲಟ್‌ಗಳಿದ್ದಾರೆ, ಆದರೆ ಹುದ್ದೆ ಕಡಿಮೆ.

ಈಗ ಎನ್‌ಡಿಎ. ಪಿಯು ಓದುತ್ತಿರುವಾಗಲೇ ಬರೆಯಬಹುದು, ಕೋರ್ಸ್ ಶುರುವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು. ಹುಡುಗಿಯರಿಗೆ ಅರ್ಜಿ ಶುಲ್ಕ ಇಲ್ಲ. ಸುಪ್ರೀಂ ಕೋರ್ಟ್ 2021ರಲ್ಲಿ ಬಾಗಿಲು ತೆರೆಸಿತು, 17 ಹುಡುಗಿಯರ ಮೊದಲ ತಂಡ 2025ರ ಮೇನಲ್ಲಿ ಪಾಸಾಗಿ ಹೊರಬಂತು. ಆದರೆ ಸಂಖ್ಯೆ ನೋಡಿ. ಇತ್ತೀಚಿನ ಪ್ರಕಟಣೆಗಳಲ್ಲಿ ಏರ್‌ಫೋರ್ಸ್ ಫ್ಲೈಯಿಂಗ್‌ಗೆ 92 ಸ್ಥಾನ ಇದ್ದರೆ ಅದರಲ್ಲಿ ಹುಡುಗಿಯರಿಗೆ 2 ಮಾತ್ರ. ಇಡೀ ದೇಶಕ್ಕೆ ಎರಡು! ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಆದರೂ ಬರೆಯಿರಿ, ಅನುಭವ ಆದರೂ ಸಿಗುತ್ತದೆ. ಸಿಗದಿದ್ದರೆ ಕನಸು ಮುಗಿಯಿತು ಅಂದುಕೊಳ್ಳಬೇಡಿ ಅಷ್ಟೇ.

ಅಗಲದ ದಾರಿ ಎಎಫ್‌ಕ್ಯಾಟ್. ಏರ್‌ಫೋರ್ಸ್ ವರ್ಷಕ್ಕೆ ಎರಡು ಸಲ ನಡೆಸುವ ಪರೀಕ್ಷೆ ಇದು. ಫ್ಲೈಯಿಂಗ್‌ಗೆ ವಯಸ್ಸು 20ರಿಂದ 24. ಯಾವುದೇ ಡಿಗ್ರಿಯಲ್ಲಿ 60 ಪರ್ಸೆಂಟ್, ಪಿಯುನಲ್ಲಿ ಮ್ಯಾತ್ಸ್ ಮತ್ತು ಫಿಸಿಕ್ಸ್ ಎರಡರಲ್ಲೂ ತಲಾ 50 ಪರ್ಸೆಂಟ್ ಬೇಕು. ಚಿಕ್ಕಮಗಳೂರಿನ ಮೇಘನಾ ಶಾನಭೋಗ್ ಎಂಜಿನಿಯರಿಂಗ್ ಮುಗಿಸಿ ಹೋಗಿ 2018ರಲ್ಲಿ ದಕ್ಷಿಣ ಭಾರತದ ಮೊದಲ ಮಹಿಳಾ ಫೈಟರ್ ಪೈಲಟ್ ಆದರು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ‘ಸಿ’ ಸರ್ಟಿಫಿಕೇಟ್ ಪಡೆದವರು ಎಎಫ್‌ಕ್ಯಾಟ್ ಬರೆಯದೆ ನೇರವಾಗಿ ಇಂಟರ್‌ವ್ಯೂಗೆ ಹೋಗುವ ಅವಕಾಶವೂ ಇದೆ. ಒಂದು ವಿಷಯ ಮನೆಯವರಿಗೂ ತಿಳಿಸಿ. ಎಎಫ್‌ಕ್ಯಾಟ್ ಮೂಲಕ ಸಿಗುವುದು 14 ವರ್ಷದ ಸೇವೆ, ಅದಕ್ಕೆ ಪೆನ್ಷನ್ ಇಲ್ಲ. ಹೊರಬಂದ ಮೇಲೆ ಬಹಳ ಮಂದಿ ವಿಮಾನ ಕಂಪನಿಗಳಿಗೆ ಸೇರುತ್ತಾರೆ.

ಪಿಸಿಎಂಬಿ ಮಕ್ಕಳಲ್ಲಿ ಒಂದು ಅಪಾಯ ನೋಡುತ್ತಿರುತ್ತೇನೆ. ನೀಟ್ ಗುಂಗಿನಲ್ಲಿ ಮ್ಯಾತ್ಸ್ ಅನ್ನು ಸುಮ್ನೆ ಪಾಸಾದರೆ ಸಾಕು ಅಂತ ಬಿಟ್ಟುಬಿಡುತ್ತಾರೆ. ನಿಮಗೆ ಹಾಗೆ ಮಾಡೋಕೆ ಆಗಲ್ಲ. ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕದಲ್ಲಿ 300 ಮ್ಯಾತ್ಸ್‌ನದ್ದೇ.

ಪಡೆ ಯಾವುದು ಅನ್ನುವುದಕ್ಕಿಂತ ಜಾಸ್ತಿ ಜನರನ್ನು ತಡೆಯುವುದು ದೇಹದ ಅಳತೆ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲೇ ಇದನ್ನು ನೋಡಿಕೊಳ್ಳಿ. ಏರ್‌ಫೋರ್ಸ್ ಪೈಲಟ್‌ಗೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಕಾಲಿನ ಉದ್ದ 99ರಿಂದ 120ರೊಳಗೆ ಇರಬೇಕು, ಯಾಕಂದ್ರೆ ಕಾಕ್‌ಪಿಟ್‌ನಲ್ಲಿ ಪೆಡಲ್ ಸಿಗಬೇಕು. ಒಂದು ಕಣ್ಣು 6/6, ಇನ್ನೊಂದು 6/9ರವರೆಗೆ ನಡೆಯುತ್ತದೆ. ದೂರದ್ದು ಕಾಣದೆ ಮೈನಸ್ ಕನ್ನಡಕ ಹಾಕುವವರಿಗೆ ಫ್ಲೈಯಿಂಗ್ ಕಷ್ಟ. ಬಣ್ಣ ಗುರುತಿಸುವ ಶಕ್ತಿಯೂ ಪೂರ್ತಿ ಇರಬೇಕು. ತುಮಕೂರಿನಲ್ಲೇ ಒಬ್ಬ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಪೈಲಟ್ ಆಗಬೇಕು ಅಂತ ಹೇಳಿ ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನೊಂದು ಗಟ್ಟಿ ಬಾಗಿಲು ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆ. ಡಯಲ್‌ಗಳನ್ನು ಬೇಗ ಓದುವುದು, ಕೈ, ಕಾಲು, ಕಣ್ಣು ಮೂರನ್ನೂ ಒಟ್ಟಿಗೆ ಹೊಂದಿಸುವುದು, ಇಂಥದ್ದು ಇರುತ್ತದೆ. ಇದರಲ್ಲಿ ಒಮ್ಮೆ ಫೇಲ್ ಆದರೆ ಏರ್‌ಫೋರ್ಸ್ ಪೈಲಟ್ ಆಗಲು ಮತ್ತೆ ಅವಕಾಶ ಕೊಡುವುದಿಲ್ಲ. ಲಿಖಿತ ಪರೀಕ್ಷೆಯನ್ನು ವಯಸ್ಸು ಇರುವವರೆಗೆ ಮತ್ತೆ ಮತ್ತೆ ಬರೆಯಬಹುದು, ಇದನ್ನು ಆಗಲ್ಲ. ಹಾಗಾಗಿ ಇಂಟರ್‌ವ್ಯೂ ಪತ್ರ ಬಂದ ಮೇಲೆ ನಿದ್ದೆಗೆಟ್ಟು, ದಣಿದು ಹೋಗಬೇಡಿ. ಏರ್‌ಫೋರ್ಸ್ ಆಯ್ಕೆ ಮಂಡಳಿ ಮೈಸೂರಿನಲ್ಲೂ ಇದೆ. ಅಲ್ಲಿ ಇಂಗ್ಲಿಷ್ ಮಾತಾಡಬೇಕಾಗುತ್ತದೆ, ಆದರೆ ಸರಳ ಇಂಗ್ಲಿಷ್ ಸಾಕು. ಕನ್ನಡ ಮೀಡಿಯಂ ಮಕ್ಕಳು ಇದಕ್ಕೇ ಹೆದರಿ ಅರ್ಜಿ ಹಾಕದೆ ಉಳಿಯುವುದು ನೋಡಿದರೆ ಸಂಕಟ ಆಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎನ್‌ಡಿಎ ಅರ್ಜಿಯಲ್ಲಿ ಏರ್‌ಫೋರ್ಸ್ ಮೊದಲು, ನೇವಿ ಎರಡನೆಯದು, ಆರ್ಮಿ ಮೂರನೆಯದು ಅಂತ ಬರೆಯುತ್ತಿದ್ದೆ. ಸಮುದ್ರ ಬೇಡ ಅನ್ನಿಸಿದರೆ ಕೊನೆಯ ಎರಡನ್ನು ಅದಲು ಬದಲು ಮಾಡಿ. ಪಿಯು ಆದ ಮೇಲೆ ಮನೆಯಲ್ಲಿ ಆಗುವುದಾದರೆ ಬಿಇ ಸೇರಿ, ಆಗ ನೇವಿ ಬಾಗಿಲೂ ತೆರೆದಿರುತ್ತದೆ. ಆಗದಿದ್ದರೆ ಎನ್‌ಸಿಸಿ ಏರ್ ವಿಂಗ್ ಇರುವ ಕಾಲೇಜು ಹುಡುಕಿ ಬಿಎಸ್ಸಿ ಮಾಡಿ, ಏರ್‌ಫೋರ್ಸ್‌ಗೆ ಅಷ್ಟು ಸಾಕು. ಎನ್‌ಡಿಎ ಪ್ರಕಟಣೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ ಯುಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ಬರುತ್ತದೆ. ಅರ್ಜಿಗೆ ಸಿಗುವ ದಿನಗಳು ಕಡಿಮೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ನೋಡಿ ಇಟ್ಟುಕೊಳ್ಳಿ.