ಪದ ಪರಿಚಯ: ಮಿಸ್ಸಿಂಗ್ ರೆಫರೆನ್ಸ್

ತೀರ್ಥಹಳ್ಳಿಯಿಂದ ಬೆಳಗ್ಗೆ ಫೋನ್ ಬಂತು. "ಅಣ್ಣಾ, ನೀವು ಕೊಟ್ಟ ಫೈಲ್ ಓಪನ್ ಆಗುತ್ತೆ. ಬಟನ್ ಒತ್ತಿದ್ರೆ ಮಾತ್ರ ನಿಂತುಬಿಡುತ್ತೆ. ಏನೋ ಲೈಬ್ರರಿ ಸಿಗ್ತಿಲ್ಲ ಅಂತಿದೆ."

ಅದೇ ಎಕ್ಸೆಲ್ ಫೈಲು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ನಡೆದಿತ್ತು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಬಗೆಗಳ ತೂಕ, ಧಾರಣೆ ತುಂಬಿ ಬಟನ್ ಒತ್ತಿದರೆ ಲೆಕ್ಕದ ಪಟ್ಟಿ ತಯಾರಾಗಿ ಔಟ್‌ಲುಕ್ ಮೂಲಕ ಮೇಲ್ ಹೋಗುತ್ತಿತ್ತು. ತೀರ್ಥಹಳ್ಳಿಯವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. 'ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಎಂಬ ಸಂದೇಶ. ಹಿಂದೆ ಮ್ಯಾಕ್ರೋದಲ್ಲಿ, ಅಂದರೆ ಬಟನ್ ಒತ್ತಿದಾಗ ನಡೆಯುವ ಆದೇಶಗಳ ಸಾಲಿನಲ್ಲಿ, ಗುರುತಾಗಿ ನಿಂತಿದ್ದ ಪದ 'ಲೆಫ್ಟ್'.

ಲೆಫ್ಟ್ ಅಂದರೆ ಒಂದು ಪದದ ಮೊದಲ ಕೆಲವು ಅಕ್ಷರ ತೆಗೆದುಕೊಡುವ ಫಂಕ್ಷನ್. ಅದಿಲ್ಲದ ಎಕ್ಸೆಲ್ಲೇ ಇಲ್ಲ. ಹಾಗಿದ್ದ ಮೇಲೆ ಅದು ಸಿಗಲಿಲ್ಲ ಅನ್ನೋದು ಹೇಗೆ?

ಇಲ್ಲಿ ಲೈಬ್ರರಿ ಅಂದರೆ ಪುಸ್ತಕದ ಮನೆಯಲ್ಲ, ಸಿದ್ಧ ಸಲಕರಣೆಗಳ ಪೆಟ್ಟಿಗೆ. ಮೇಲ್ ಕಳಿಸುವುದು ಔಟ್‌ಲುಕ್‌ನ ಪೆಟ್ಟಿಗೆಯಲ್ಲಿದೆ, ಪತ್ರ ಬರೆಯುವುದು ವರ್ಡ್‌ನ ಪೆಟ್ಟಿಗೆಯಲ್ಲಿ. 'ಈ ಪೆಟ್ಟಿಗೆ ನನಗೆ ಬೇಕು' ಎಂದು ಫೈಲಿನೊಳಗೆ ಬರೆದಿಟ್ಟ ಗುರುತೇ ರೆಫರೆನ್ಸ್. ಪೆಟ್ಟಿಗೆ ಫೈಲಿನ ಜೊತೆ ಪ್ರಯಾಣ ಮಾಡುವುದಿಲ್ಲ, ಹೆಸರು, ಆವೃತ್ತಿಯ ಗುರುತು ಮಾತ್ರ ಹೋಗುತ್ತದೆ. ಹೋದ ಊರಿನ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆ ಸಿಗದಿದ್ದರೆ ಅದೇ ಮಿಸ್ಸಿಂಗ್ ರೆಫರೆನ್ಸ್. ಯಾವ ಪದ ಯಾವ ಪೆಟ್ಟಿಗೆಯದು ಎಂದು ಹುಡುಕುವಾಗ ಪಟ್ಟಿಯಲ್ಲಿ ಒಂದು ಮುರಿದಿದ್ದರೂ ಹುಡುಕಾಟ ಅಲ್ಲೇ ನಿಲ್ಲಬಹುದು. ಆಗ ಲೆಫ್ಟ್, ಟ್ರಿಮ್, ಡೇಟ್ ಥರದ ಯಾವ ತಪ್ಪೂ ಮಾಡದ ಪದ ಸಿಕ್ಕಿಬೀಳುತ್ತದೆ. ಆ ಸಾಲನ್ನು ತಿದ್ದುತ್ತಾ ಕೂತರೆ ದಿನವೇ ಹೋಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ನೋಡಬೇಕಾದ ಜಾಗ ಬೇರೆ. ಆಲ್ಟ್ ಜೊತೆ ಎಫ್11 ಒತ್ತಿದರೆ ಮ್ಯಾಕ್ರೋ ಎಡಿಟರ್ ಬರುತ್ತದೆ, ಅದರ ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ಅದು ಮಸುಕಾಗಿದ್ದರೆ ಗಾಬರಿ ಬೇಡ, ಮ್ಯಾಕ್ರೋ ಇನ್ನೂ ಅರ್ಧದಲ್ಲಿ ನಿಂತಿದೆ ಅಷ್ಟೇ. ಮೊದಲು ರೀಸೆಟ್ ಒತ್ತಿ. ಪಟ್ಟಿಯಲ್ಲಿ 'ಮಿಸ್ಸಿಂಗ್' ಎಂದು ಶುರುವಾಗುವ ಸಾಲೇ ಕಳ್ಳ. ತೀರ್ಥಹಳ್ಳಿಯಲ್ಲಿ ಅದು ಔಟ್‌ಲುಕ್ 16.0 ಲೈಬ್ರರಿ ಆಗಿತ್ತು.

ಈ ಅಂಕಿ ಮುಖ್ಯ. ಆಫೀಸ್ 2010 ಅಂದರೆ 14.0, 2013 ಅಂದರೆ 15.0, 2016ರಿಂದ ಈಚೆಗೆ 16.0. ಹಳೆಯದರಲ್ಲಿ ಮಾಡಿದ ಫೈಲನ್ನು ಹೊಸದರಲ್ಲಿ ತೆರೆದರೆ ಗುರುತು ತಾನಾಗಿಯೇ ಮೇಲಕ್ಕೆ ಹೊಂದಿಕೊಳ್ಳುತ್ತದೆ. ಹೊಸದರಲ್ಲಿ ಸೇವ್ ಆದ ಔಟ್‌ಲುಕ್, ವರ್ಡ್ ಗುರುತುಗಳು ಕೆಳಕ್ಕೆ ಇಳಿಯುವುದಿಲ್ಲ. ಶಿವಮೊಗ್ಗದಲ್ಲಿ 2016 ಇತ್ತು, ತೀರ್ಥಹಳ್ಳಿಯಲ್ಲಿ 2010. ಮಿಸ್ಸಿಂಗ್ ಸಾಲಿನ ಟಿಕ್ ತೆಗೆದು 14.0ಕ್ಕೆ ಟಿಕ್ ಹಾಕಿದರೆ ಅವತ್ತಿಗೆ ಸರಿಹೋಗುತ್ತದೆ. ಫೈಲು ಶಿವಮೊಗ್ಗಕ್ಕೆ ಹೋಗಿ, ಸೇವ್ ಆಗಿ ವಾಪಸ್ ಬಂದರೆ ಮತ್ತೆ ಅದೇ ಕಥೆ, ಅಲ್ವಾ?

ಅದಕ್ಕೇ ಲೇಟ್ ಬೈಂಡಿಂಗ್ ಎಂಬ ದಾರಿ ಇದೆ. ಬೈಂಡಿಂಗ್ ಅಂದರೆ ಕಟ್ಟಿಕೊಳ್ಳುವುದು. ರೆಫರೆನ್ಸ್ ಹಾಕಿ ಬರೆಯುವುದು ಅರ್ಲಿ ಬೈಂಡಿಂಗ್: ಅಡಿಕೆ ಕೊನೆ (ಗೊಂಚಲು) ತೆಗೆಯಲು ಇಂಥ ಕೊನೆಗಾರರೇ ಬರಬೇಕೆಂದು ಮೊದಲೇ ಹೆಸರು ಬರೆದಿಟ್ಟಂತೆ. ಬಂದರೆ ಕೆಲಸ ಸಲೀಸು. ಬರದಿದ್ದರೆ ತೋಟಕ್ಕೆ ಕಾಲಿಡುವ ಮೊದಲೇ ಕೆಲಸ ನಿಲ್ಲುತ್ತದೆ. ಲೇಟ್ ಬೈಂಡಿಂಗ್‌ನಲ್ಲಿ ಆ ಬೆಳಗ್ಗೆ ಊರಲ್ಲಿ ಯಾರಿದ್ದಾರೋ ಅವರನ್ನು ಕರೆಯುತ್ತೇವೆ. ಮ್ಯಾಕ್ರೋದಲ್ಲಿ 'ಔಟ್‌ಲುಕ್ ಡಾಟ್ ಅಪ್ಲಿಕೇಶನ್' ಎಂದು ಘೋಷಿಸಿದ್ದನ್ನು ಬರೀ 'ಆಬ್ಜೆಕ್ಟ್' ಎಂದು ಬದಲಿಸಿ, 'ಕ್ರಿಯೇಟ್ ಆಬ್ಜೆಕ್ಟ್' ಎಂಬ ಆದೇಶದಿಂದ ಔಟ್‌ಲುಕ್ ಅನ್ನು ಕರೆದರಾಯಿತು. 14 ಇದ್ದರೂ ಸರಿ, 16 ಇದ್ದರೂ ಸರಿ. ಆಮೇಲೆ ರೆಫರೆನ್ಸಸ್ ಪಟ್ಟಿಯಿಂದ ಟಿಕ್ ತೆಗೆಯಲೇಬೇಕು. ಇದನ್ನು ಮರೆಯುವವರೇ ಜಾಸ್ತಿ.

ನಾನು ಬರೆಯುವಾಗ ರೆಫರೆನ್ಸ್ ಇಟ್ಟುಕೊಂಡೇ ಬರೆಯುತ್ತೇನೆ. ಚುಕ್ಕೆ ಹಾಕಿದ ತಕ್ಷಣ ಮುಂದಿನ ಪದಗಳ ಪಟ್ಟಿ ಇಳಿಯುತ್ತದೆ, ಆ ಅನುಕೂಲ ಬಿಡಲು ಮನಸ್ಸಾಗುವುದಿಲ್ಲ. ಬೇರೆಯವರ ಕೈಗೆ ಕೊಡುವ ಮುಂಚೆ ಬದಲಿಸುತ್ತೇನೆ.

ಬದಲಿಸುವಾಗ ಎಡವುವ ಜಾಗ ಒಂದಿದೆ. ಲೈಬ್ರರಿ ಹೋದರೆ ಅದರೊಳಗಿನ ಹೆಸರಿಟ್ಟ ಅಂಕಿಗಳೂ ಹೋಗುತ್ತವೆ. ಔಟ್‌ಲುಕ್‌ನಲ್ಲಿ ತುರ್ತು ಮೇಲ್‌ಗೆ 'ಓಎಲ್ ಇಂಪಾರ್ಟೆನ್ಸ್ ಹೈ' ಎಂಬ ಹೆಸರು, ಅದರ ಬೆಲೆ 2. ಟಿಕ್ ತೆಗೆದ ಮೇಲೆ ಆ ಹೆಸರಿಗೆ ಅರ್ಥವಿಲ್ಲ. ಮ್ಯಾಕ್ರೋ ಬರೆದ ಪುಟದ (ಮಾಡ್ಯೂಲ್) ತಲೆಯಲ್ಲಿ, ಘೋಷಿಸದ ಹೆಸರು ಬಳಸಬಾರದು ಎನ್ನುವ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಇದ್ದರೆ ಎಕ್ಸೆಲ್ ತಡೆದು ಹೇಳುತ್ತದೆ. ಇಲ್ಲದಿದ್ದರೆ ಸುಮ್ನೆ ಸೊನ್ನೆ ಎಂದು ತಿಳಿದುಕೊಳ್ಳುತ್ತದೆ. ಸೊನ್ನೆ ಅಂದರೆ ಕಡಿಮೆ ಮಹತ್ವ! ತುರ್ತು ಎಂದು ಕಳಿಸಿದ ಪಟ್ಟಿ ತದ್ವಿರುದ್ಧ ಗುರುತು ಹೊತ್ತು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿನ ಬದಲು 2 ಎಂದೇ ಬರೆಯಿರಿ.

ಎಲ್ಲಕ್ಕೂ ಇದೇ ಮದ್ದಲ್ಲ. ಫಾರ್ಮಿನಲ್ಲಿ ದಿನಾಂಕ ಆರಿಸುವ ಹಳೆಯ ಡೇಟ್ ಪಿಕರ್ 32-ಬಿಟ್ ಆಫೀಸಿಗಾಗಿ ಮಾಡಿದ್ದು, 64-ಬಿಟ್‌ಗೆ ಹೋದರೆ ಕೈಕೊಡುತ್ತದೆ. ಅದನ್ನು ಬಳಸದಿರುವುದೇ ವಾಸಿ.

ಇನ್ನು ಔಟ್‌ಲುಕ್ ಇಲ್ಲವೇ ಇಲ್ಲದ ಕಂಪ್ಯೂಟರಿನಲ್ಲಿ ಲೇಟ್ ಬೈಂಡಿಂಗ್ ಕೂಡ 429ನೇ ಎರರ್ ಕೊಡುತ್ತದೆ. ಆದರೆ ಕರೆದ ಸಾಲಿನಲ್ಲೇ ಕೊಡುತ್ತದೆ, ಹಾಗಾಗಿ ಹಿಡಿದು ಬೇರೆ ದಾರಿ ತೋರಿಸಬಹುದು. ಆಗ ತೋರಿಸುವ ಮಾತು ಕನ್ನಡದಲ್ಲೇ ಇರಲಿ ಎಂದು ನನ್ನ ಆಸೆ. ಮ್ಯಾಕ್ರೋ ಎಡಿಟರಿಗೆ ಕನ್ನಡ ಬರುವುದಿಲ್ಲ, ಅಲ್ಲಿ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೀಳುತ್ತದೆ. ಹಾಳೆಯ ಸೆಲ್‌ಗಳಲ್ಲಿ ಮಾತ್ರ ಕನ್ನಡ ಸರಿಯಾಗಿ ಕೂರುತ್ತದೆ. ಹಾಗಾಗಿ ಮುಚ್ಚಿಟ್ಟ ಒಂದು ಹಾಳೆಯಲ್ಲಿ ಮಾತುಗಳನ್ನು ಬರೆದಿಟ್ಟಿದ್ದೇನೆ. ಎರರ್ ಬಂದಾಗ ಮ್ಯಾಕ್ರೋ ಅದನ್ನು ಬಟನ್ನಿನ ಪಕ್ಕದ ಸೆಲ್‌ಗೆ ತಂದು ಹಾಕುತ್ತದೆ: "ಈ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇಲ್ಲ. ಪಟ್ಟಿ ಸೇವ್ ಆಗಿದೆ, ಪ್ರಿಂಟ್ ತೆಗೆದುಕೊಳ್ಳಿ."