ಹಂದಿಮಾಂಸದ ಕೊಬ್ಬು ಪೂರ್ತಿ ಕೈಗೆ ಬರಬೇಕಾದರೆ

ಕೊಡಗಿನ ಹಂದಿಮಾಂಸದ ಅಡುಗೆ ಪಂದಿ ಕರಿ ಬೇಯುವಾಗ ಮೇಲೆ ತೇಲುವ ಎಣ್ಣೆ ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ಹಂದಿ ಕೂಡಿಟ್ಟುಕೊಂಡ ಕೊಬ್ಬು. ಜೀವಕೋಶದ ಪೊರೆಯಲ್ಲಿರುವ ಫಾಸ್ಫೋಲಿಪಿಡ್ ಎಷ್ಟು ಕುದಿಸಿದರೂ ಹಾಗೆ ತೇಲುವುದಿಲ್ಲ, ಪ್ರೋಟೀನಿಗೆ ಅಂಟಿಕೊಂಡು ತುಂಡಿನಲ್ಲೇ ಉಳಿಯುತ್ತದೆ. ಹಸಿಮಾಂಸಕ್ಕೆ ಬರೀ ಈಥರ್ ಸುರಿದರೂ ಇದೇ ಪಾಡು. ನೀರು ತುಂಬಿದ ಮಾಂಸದೊಳಕ್ಕೆ ಅದು ಇಳಿಯುವುದೇ ಕಷ್ಟ.

ಪ್ರಯೋಗಾಲಯದಲ್ಲಿ ಮಾಂಸದ ಕೊಬ್ಬನ್ನೆಲ್ಲ ಹೊರತೆಗೆಯಲು ಫೋಲ್ಚ್ ಮತ್ತು ಸಂಗಡಿಗರು 1957ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಆಧಾರ: ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು. ಮೆಥನಾಲ್ ಪ್ರೋಟೀನಿನ ಹಿಡಿತ ಬಿಡಿಸುತ್ತದೆ, ಕ್ಲೋರೋಫಾರ್ಮ್ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. 1 ಗ್ರಾಂ ಮಾಂಸಕ್ಕೆ 20 ಮಿಲಿಲೀಟರ್ ಮಿಶ್ರಣ ಹಾಕಿ ನುಣ್ಣಗೆ ಅರೆದು ಸೋಸಬೇಕು. ಸೋಸಿದ್ದಕ್ಕೆ ಅದರ ಐದನೇ ಒಂದು ಪಾಲು, ಅಂದರೆ 4 ಮಿಲಿಲೀಟರ್, 0.9% ಉಪ್ಪುನೀರು ಬೆರೆಸಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಎರಡು ಪದರ ನಿಲ್ಲುತ್ತವೆ. ಮೇಲಿನದರಲ್ಲಿ ಸಕ್ಕರೆ, ಲವಣ, ಅಮೈನೋ ಆಮ್ಲ. ಕೊಬ್ಬು ಕೆಳಗಿನ ಕ್ಲೋರೋಫಾರ್ಮಿನಲ್ಲಿ. ನಡುವೆ ಬಿಳಿ ಪ್ರೋಟೀನ್ ಪೊರೆ ಕಟ್ಟಿರುತ್ತದೆ. ಕೆಳಪದರ ಹೀರಲು ಇಳಿಸುವ ಗಾಜಿನ ಪಿಪೆಟ್ ಈ ಪೊರೆಯನ್ನು ದಾಟುವಾಗ ಸಣ್ಣಗೆ ಗಾಳಿ ಬಿಡುತ್ತಿದ್ದರೆ ತುದಿಗೆ ಪೊರೆ ಸಿಕ್ಕಿಕೊಳ್ಳುವುದಿಲ್ಲ. ಉಪ್ಪಿಲ್ಲದ ನೀರು ಹಾಕಿದರೆ, ಇಲ್ಲವೇ ಜೋರಾಗಿ ಕುಲುಕಿದರೆ, ಹಾಲಿನಂತೆ ಬೆರೆತು ಪದರವೇ ಕೂರದೆ ಸತಾಯಿಸುತ್ತದೆ. ಪ್ಲಾಸ್ಟಿಕ್ ಟ್ಯೂಬ್ ಬೇಡ, ಅದನ್ನು ಮೆದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಜರ್ ಕರಗಿ ಕೊಬ್ಬಿನ ಜೊತೆ ಸೇರುತ್ತದೆ. ಎಲ್ಲವೂ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ನಡೆಯಬೇಕು.

1959ರ ಬ್ಲೈ-ಡೈಯರ್ ವಿಧಾನಕ್ಕೆ ದ್ರಾವಕ ಕಡಿಮೆ ಸಾಕು, ನಿಜ. ಆದರೆ ಅದು ಕೊಬ್ಬು ಕಡಿಮೆಯಿರುವ ಮೀನಿಗೆಂದು ರೂಪಿಸಿದ್ದು. ಕೊಬ್ಬಿರುವ ಹಂದಿಮಾಂಸದಲ್ಲಿ ಲೆಕ್ಕ ಕಡಿಮೆ ತೋರಿಸುತ್ತದೆ.

ಕ್ಲೋರೋಫಾರ್ಮನ್ನು ನೈಟ್ರೋಜನ್ ಹಾಯಿಸಿ, ಹೆಚ್ಚು ಬಿಸಿ ಮಾಡದೆ ಆರಿಸಬೇಕು. ಗಾಳಿಯಲ್ಲಿ ಬಿಟ್ಟರೆ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬಿನಾಮ್ಲಗಳು ಆಕ್ಸಿಡೀಕರಣಗೊಂಡು ಕೆಡುತ್ತವೆ.

ಹೀಗೆ ಸಿಕ್ಕ ಕೊಬ್ಬಿನ ಬಗೆಗಳನ್ನು ಬೇರ್ಪಡಿಸಲು ಸಿಲಿಕಾ ಲೇಪಿಸಿದ ಪ್ಲೇಟ್. ಅದರ ಬುಡದಲ್ಲಿ ಕೊಬ್ಬಿನ ಹನಿಯಿಟ್ಟರೆ, ಮೇಲೇರುವ ದ್ರಾವಕ ಒಂದೊಂದು ಬಗೆಯನ್ನು ಒಂದೊಂದು ಎತ್ತರದಲ್ಲಿ ಕಲೆಯಾಗಿ ಬಿಡುತ್ತದೆ. ದ್ರಾವಕ ಹೆಕ್ಸೇನ್ 80, ಡೈಈಥೈಲ್ ಈಥರ್ 20, ಅಸಿಟಿಕ್ ಆಮ್ಲ 1 ಪಾಲು. ಫಾಸ್ಫೋಲಿಪಿಡ್ ಇಟ್ಟಲ್ಲೇ ಕೂರುತ್ತದೆ. ಅದರ ಮೇಲೆ ಕ್ರಮವಾಗಿ ಕೊಲೆಸ್ಟ್ರಾಲ್, ಬಿಡಿ ಕೊಬ್ಬಿನಾಮ್ಲ, ಟ್ರೈಗ್ಲಿಸರೈಡ್, ತುದಿಯಲ್ಲಿ ಕೊಲೆಸ್ಟ್ರಾಲ್ ಎಸ್ಟರ್. ಕೊಡಗಿನಲ್ಲಿ ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ ಕೈಕೊಡುವುದು ಇಲ್ಲಿಯೇ. ಸಿಲಿಕಾ ತೇವ ಹೀರಿ ಹಿಡಿತ ಕಳೆದುಕೊಳ್ಳುತ್ತದೆ, ಕಲೆಗಳೆಲ್ಲ ಮೇಲಕ್ಕೋಡಿ ಒತ್ತೊತ್ತಾಗುತ್ತವೆ. ಬಳಸುವ ಮುಂಚೆ ಪ್ಲೇಟನ್ನು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಾದರೂ ಕಾಯಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ಆರಿಸಬೇಕು.

ಬಿಡಿ ಕೊಬ್ಬಿನಾಮ್ಲದ ಕಲೆ ದಟ್ಟವಾಗಿದ್ದರೆ ಹಂದಿಯನ್ನು ದೂರುವ ಮೊದಲು ಮಾಂಸ ಬಂದ ಚೀಲವನ್ನು ಅನುಮಾನಿಸಿ. ವಿರಾಜಪೇಟೆಯಿಂದ ಐಸ್ ಇಲ್ಲದೆ ಹೊತ್ತು ತಂದರೆ ದಾರಿಯಲ್ಲೇ ಲೈಪೇಸ್ ಕಿಣ್ವ ಟ್ರೈಗ್ಲಿಸರೈಡನ್ನು ತುಂಡರಿಸಿ ಕೊಬ್ಬಿನಾಮ್ಲ ಬಿಡಿಸಿರುತ್ತದೆ. ಕಲೆ ಕಾಣಲು ಅಯೋಡಿನ್ ಆವಿ ಸಾಕು, ಆದರೆ ಪರ್ಯಾಪ್ತ ಕೊಬ್ಬು ಅದರಲ್ಲಿ ಮಂಕು. ಕಂದು ಬಣ್ಣ ಬೇಗ ಹಾರಿಹೋಗುವುದರಿಂದ ಪ್ಲೇಟ್ ಹೊರತೆಗೆದ ಕೂಡಲೇ ಪೆನ್ಸಿಲಿನಲ್ಲಿ ಸುತ್ತು ಹಾಕಿಡಿ.